ದೂರಿನ ಬಾಟಲಿಗಳು

ನೀರು ಸರಬರಾಜು ಕಚೇರಿಯ ಎರಡನೇ ಮಹಡಿಯಲ್ಲಿ ಅವಳಿಗೊಂದು ಅಡ್ಡಹೆಸರಿತ್ತು: ಸೋರಿಕೆ ಮೇಡಂ. ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ಅಂಟಿಕೊಂಡುಬಿಟ್ಟಿತ್ತು. ಮೂರು ವರ್ಷದಿಂದ ಅವಳು ಪ್ರತಿ ಸಭೆಯಲ್ಲೂ ಎದ್ದು ನಿಂತು ಒಂದೇ ಮಾತು ಹೇಳುತ್ತಿದ್ದಳು. ನಮ್ಮ ಹೊಳೆ ಸೋರುತ್ತಿದೆ, ಎಲ್ಲಿಗೆ ಸೋರುತ್ತಿದೆ ಎಂದು ಹುಡುಕೋಣ.

ಅವಳು ಆ ಕಚೇರಿಯ ಜಲವಿಜ್ಞಾನಿ. ಹೊಳೆಯಲ್ಲಿ ಎಷ್ಟು ನೀರು ಹರಿಯುತ್ತದೆ, ನೆಲದಡಿಯಲ್ಲಿ ಎಷ್ಟಿದೆ ಎಂದು ಅಳೆಯುವುದು ಕೆಲಸ. ಬೇಸಿಗೆಯಲ್ಲಿ ಮೇಲಿನ ಸೇತುವೆಯ ಕೆಳಗೆ ಸೆಕೆಂಡಿಗೆ ಒಂಬೈನೂರ ಇಪ್ಪತ್ತು ಲೀಟರ್ ನೀರು ಹಾಯುತ್ತಿತ್ತು. ಹನ್ನೆರಡು ಕಿಲೋಮೀಟರ್ ಕೆಳಗಿನ ಸೇತುವೆಗೆ ಬರುವಷ್ಟರಲ್ಲಿ ಅದು ಆರುನೂರ ನಲವತ್ತು. ನಡುವೆ ಕಾಲುವೆ ಇಲ್ಲ, ಪಂಪು ಇಲ್ಲ, ಕಾರ್ಖಾನೆ ಇಲ್ಲ. ಬಿಸಿಲು ಎಷ್ಟೇ ಹೀರಿದರೂ ಐದಾರು ಲೀಟರ್ ಹೀರೀತು. ಉಳಿದದ್ದು ಎಲ್ಲಿ ಹೋಯಿತು?

ಎರಡು ಬೇಸಿಗೆ ಅವಳು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಹೊಳೆಯಲ್ಲೇ ನಡೆದಳು. ಅರ್ಧ ಕಿಲೋಮೀಟರಿಗೊಮ್ಮೆ ನಿಂತು, ಪುಟ್ಟ ಫ್ಯಾನಿನಂಥ ಮೀಟರನ್ನು ನೀರಿಗಿಳಿಸಿ, ಹರಿವು ಅಳೆದಳು. ಕಳವಾಗುತ್ತಿದ್ದ ಜಾಗ ಕೊನೆಗೆ ಸಿಕ್ಕಿತು. ಗುಡ್ಡದ ಬುಡದಲ್ಲಿ ಸುಣ್ಣಕಲ್ಲಿನ ಬಂಡೆ ಹಾದುಹೋಗುವ ಮುನ್ನೂರು ಮೀಟರ್. ಅಷ್ಟರಲ್ಲೇ ಇನ್ನೂರ ಎಂಬತ್ತು ಲೀಟರ್ ಮಾಯ.

ಆ ವರದಿಯನ್ನು ಓದಿದವರು ಒಬ್ಬರೇ, ಚೀಫ್ ಎಂಜಿನಿಯರ್. ಓದಿದ್ದೇ ಅವಳಿಗೆ ಮುಳುವಾಯಿತು.

"ರೋಗ ಪತ್ತೆ ಮಾಡಿದ್ದು ನೀವು. ಔಷಧಿ ನಾನು ಕೊಡ್ತೀನಿ," ಎಂದರು ಅವರು, ಮೇಜಿನ ಮೇಲೆ ನಕ್ಷೆ ಹರವುತ್ತ. ಮುನ್ನೂರು ಮೀಟರ್ ಉದ್ದಕ್ಕೂ ಹೊಳೆಯ ತಳಕ್ಕೆ ಕಾಂಕ್ರೀಟ್ ಹಾಸುವ ನಕ್ಷೆ ಅದು. ಒಂದು ಹನಿ ಕೂಡ ನೆಲಕ್ಕೆ ಇಳಿಯದ ಹಾಗೆ.

ಅವಳು ನಕ್ಷೆಯ ಮೇಲೆ ಕೈಯಿಟ್ಟಳು. "ಸರ್, ಅದು ಎಲ್ಲಿಗೆ ಹೋಗ್ತಿದೆ ಅಂತ ತಿಳೀದೆ ಮುಚ್ಚಿಬಿಟ್ರೆ ಹೇಗೆ? ನಮ್ಮ ಎಂಟು ಬೋರ್‌ವೆಲ್ಲಿಗೇ ಹೋಗ್ತಿದ್ರೆ?"

ಊರು ಕುಡಿಯುತ್ತಿದ್ದುದು ಆ ಎಂಟು ಬೋರ್‌ವೆಲ್‌ಗಳ ನೀರನ್ನು. ಅವು ಇದ್ದದ್ದು ಗುಡ್ಡದ ಆಚೆ ಮಗ್ಗುಲಲ್ಲಿ, ಆ ಬಂಡೆಯಿಂದ ಒಂಬತ್ತು ಕಿಲೋಮೀಟರ್ ದೂರ. ಗುಡ್ಡದ ಮೇಲೆ ಬಿದ್ದ ಮಳೆಯೇ ಇಂಗಿ ಅಲ್ಲಿಗೆ ಬರುತ್ತದೆ ಎಂದು ಐವತ್ತು ವರ್ಷದಿಂದ ಎಲ್ಲರೂ ನಂಬಿದ್ದರು.

"ಹೋಗ್ತಿದ್ರೆ ಅನ್ನೋದಕ್ಕೆ ಅಂಕಿ ಇದೆಯಾ?"

"ಅದಕ್ಕೇ ಸರ್, ಬಣ್ಣ ಹಾಕಿ ನೋಡೋಣ. ಮುಳುಗೋ ಜಾಗದಲ್ಲಿ ಬಣ್ಣ ಸುರಿಯೋದು, ಎಲ್ಲಿ ಏಳುತ್ತೆ ಅಂತ ಕಾಯೋದು."

"ಎಷ್ಟು ದಿನ ಕಾಯ್ಬೇಕು?"

ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. "ಮರಳು, ಸಣ್ಣ ಸಣ್ಣ ಬಿರುಕು, ಅದರೊಳಗೆ ನುಸುಳಿ ಬರ್ಬೇಕು ಸರ್. ಕಡಿಮೆ ಅಂದ್ರೂ ಎರಡು ತಿಂಗಳು."

"ಕಾಂಕ್ರೀಟ್ ಕೆಲಸ ಶುರುವಾಗೋದು ಇನ್ನು ಇಪ್ಪತ್ತೊಂದು ದಿನಕ್ಕೆ."

"ಮುಂದಕ್ಕೆ ಹಾಕಿ."

ಚೀಫ್ ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಒಂದು ಕೆಲಸ ಹಿಡಿದರೆ ಬಿಡದವರು, ಅಷ್ಟೆ. "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಗುತ್ತೆ ಮೇಡಂ. ಆದ್ರೂ ಬೇಡ ಅನ್ನಲ್ಲ, ಹಾಕಿ. ಕೆಲಸ ಮಾತ್ರ ನಿಲ್ಲಲ್ಲ. ಮತ್ತೆ ಜನರ ನಲ್ಲೀಲಿ ಬಣ್ಣ ಕಾಣಬಾರದು. ಬರೆದು ಕೊಡಿ."

ಅವಳು ಅಲ್ಲೇ ಕುಳಿತು ಬರೆದುಕೊಟ್ಟಳು. ಐದು ಕಿಲೋ ಬಣ್ಣ, ಎರಡು ತಿಂಗಳಿನಲ್ಲಿ ನೂರ ಅರವತ್ತು ಕೋಟಿ ಲೀಟರ್ ನೀರಿನಲ್ಲಿ ಹಂಚಿಹೋಗುತ್ತದೆ. ಯಂತ್ರಕ್ಕೆ ಸಿಕ್ಕೀತು, ಬರಿಗಣ್ಣಿಗೆ ಕಾಣುವುದಿಲ್ಲ. ಕೆಳಗೆ ಸಹಿ, ದಿನಾಂಕ.

*

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಐದು ಡಬ್ಬಗಳೊಂದಿಗೆ ಅವಳು ಹೊಳೆಯ ದಂಡೆಗೆ ಬಂದಾಗ 'ಅಡಿಕೋಲು' ಆಗಲೇ ಬಂಡೆಯ ಮೇಲೆ ನಿಂತಿದ್ದ. ಕೆಳಗಿನ ಸೇತುವೆಯ ಕಂಬಕ್ಕೆ ಬಡಿದಿರುವ ಅಳತೆಪಟ್ಟಿಯನ್ನು ದಿನಕ್ಕೆರಡು ಸಲ ಓದಿ ಪುಸ್ತಕದಲ್ಲಿ ಬರೆಯುವ ನೌಕರ ಅವನು. ಇಪ್ಪತ್ತಾರು ವರ್ಷದಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಉದ್ದಕ್ಕೆ, ಸಪೂರಕ್ಕೆ, ನೆಟ್ಟಗೆ ಇದ್ದುದರಿಂದ ಆ ಹೆಸರು. ಅವನಿಗೂ ಅದು ಇಷ್ಟವೇ. ಫೋನಿನಲ್ಲಿ ತಾನೇ "ಅಡಿಕೋಲು ಮಾತಾಡ್ತಿರೋದು" ಎನ್ನುತ್ತಿದ್ದ.

"ಮುನ್ನೂರು ಮೀಟರ್‌ನಲ್ಲಿ ಎಲ್ಲಿ ಸುರಿಯೋದು ಅಣ್ಣ?" ಎಂದು ಅವಳು ಕೇಳಿದಳು.

"ಈ ಮಡುವಿಗೇ ಮೇಡಂ. ಇಲ್ಲಿಗೆ ಬಂದ್ರೆ ಎಲೆ ಅನುಮಾನ ಪಡುತ್ತೆ."

"ಏನು ಪಡುತ್ತೆ?"

"ನೋಡಿ ನೀವೇ."

ಅವನು ಒಂದು ಒಣಗಿದ ಎಲೆಯನ್ನು ಮೇಲ್ಗಡೆ ಬಿಟ್ಟ. ಅದು ಸರಾಗ ತೇಲಿ ಬಂದು, ಬಾಗಿದ ಮರದ ಕೆಳಗಿನ ಮಡುವಿನಲ್ಲಿ ನಿಧಾನವಾಯಿತು. ಮುಂದೆ ಹೋಗಲೋ ಬೇಡವೋ ಎಂಬಂತೆ ಎರಡು ಸುತ್ತು ಹಾಕಿತು. ಆಮೇಲೆ ಬಂಡೆಯ ಸಂದಿಗೆ ಬೆನ್ನುಕೊಟ್ಟು ನಿಂತುಬಿಟ್ಟಿತು. ಅವಳು ತೋಳೇರಿಸಿ ಆ ಸಂದಿಯೊಳಗೆ ಕೈ ಹಾಕಿದಳು. ಯಾರೋ ಒಳಗಿನಿಂದ ಬೆರಳು ಹಿಡಿದು ಎಳೆದಂತಾಯಿತು.

"ಇಷ್ಟು ವರ್ಷ ಹೇಳ್ಲೇ ಇಲ್ವಲ್ಲ ಅಣ್ಣ!"

"ಯಾರೂ ಕೇಳ್ಲಿಲ್ಲ ಮೇಡಂ. ನನ್ನ ಕೆಲಸ ಸೇತುವೆ ಹತ್ರ."

ಬಣ್ಣ ಡಬ್ಬದಲ್ಲಿ ಇಟ್ಟಿಗೆಪುಡಿಯ ಹಾಗೆ ಕೆಂಪಗಿತ್ತು. ನೀರು ಸೋಕಿದ್ದೇ ತಡ, ಧಗ್ಗನೆ ಗಿಳಿಹಸಿರಾಯಿತು. ಕಣ್ಣಿನ ಡಾಕ್ಟರುಗಳು ಕಣ್ಣಿನ ಗೀರು ಪತ್ತೆ ಮಾಡಲು ಒಂದು ತೊಟ್ಟು ಹಾಕುತ್ತಾರಲ್ಲ, ಅದೇ ಬಣ್ಣ, ಅಪಾಯವಿಲ್ಲದ್ದು. ಐದು ಡಬ್ಬ ಖಾಲಿಯಾಗುವಷ್ಟರಲ್ಲಿ ಇಡೀ ಮಡು ದೀಪ ಹಚ್ಚಿಟ್ಟಂತೆ ಹೊಳೆಯುತ್ತಿತ್ತು.

ಸಂಜೆಯವರೆಗೂ ಕಾಯಬೇಕಾಗುತ್ತದೆಂದು ಅವಳು ಬುತ್ತಿ ತಂದಿದ್ದಳು. ಬಿಚ್ಚಲು ಸಮಯವೇ ಸಿಗಲಿಲ್ಲ. ಹಸಿರು ಬಳುಕಿ, ಸುರುಳಿ ಸುತ್ತಿ, ಬಂಡೆಯ ಸಂದಿಯತ್ತ ಓಡಿತು. ಹತ್ತೇ ನಿಮಿಷ. ಮಡು ಮತ್ತೆ ತಿಳಿಯಾಯಿತು. ಕೆಳಗಿನ ಹೊಳೆಯಲ್ಲಿ ಒಂದು ಎಳೆಯೂ ಹಸಿರಿಲ್ಲ.

"ಕುಡೀತು! ನೋಡಿದ್ರಾ ಅಣ್ಣ, ಗಟಗಟ ಅಂತ ಕುಡಿದೇ ಬಿಡ್ತು!" ಅವಳು ಬಂಡೆಯ ಮೇಲೆ ಕುಣಿದೇಬಿಟ್ಟಳು. ಬೂಟಿನೊಳಗಿನ ನೀರು ಚಳ್ ಚಳ್ ಎಂದಿತು.

ಆಗಲೇ ಅವಳಿಗೆ ಅನುಮಾನ ಬರಬೇಕಿತ್ತು. ಸಣ್ಣ ಬಿರುಕಿನಲ್ಲಿ ನುಸುಳುವ ನೀರು ಹಾಗೆ ಗಟಗಟ ಕುಡಿಯುವುದಿಲ್ಲ. ಆದರೆ ಸಂತೋಷ ಲೆಕ್ಕವನ್ನು ಮರೆಸಿಬಿಟ್ಟಿತು.

ಮನೆಗೆ ಹೋದರೆ ಬಾಗಿಲಲ್ಲೇ ಅತ್ತೆ. ಮೂವತ್ತೈದು ವರ್ಷ ಶಾಲೆ ನಡೆಸಿ ನಿವೃತ್ತರಾದ ಹೆಡ್‌ಮಿಸ್ಟ್ರೆಸ್. ಈಗ ನಡೆಸಲು ಉಳಿದದ್ದು ಮನೆಯೊಂದೇ.

"ಏನೇ ಇದು ಕೈ? ಗಿಳಿ ಹಿಡಿಯೋಕೆ ಹೋಗಿದ್ಯಾ?"

"ಹೊಳೆ ಹಿಡಿಯೋಕೆ ಅತ್ತೆ."

"ಸಿಕ್ತಾ?"

"ಎರಡು ತಿಂಗಳು ಬೇಕು."

"ಅಷ್ಟರೊಳಗೆ ಕೈ ತೊಳ್ಕೊ, ಚಹಾ ಆರಿಹೋಗುತ್ತೆ."

*

ಎಂಟೂ ಬೋರ್‌ವೆಲ್ಲಿನ ನೀರು ಬಂದು ಸೇರುವ ಪಂಪ್‌ಹೌಸಿನಲ್ಲಿ ಅವಳು ಒಂದು ಪೆಟ್ಟಿಗೆ ಇಡಿಸಿದ್ದಳು. ಅದು ಬೆಳಿಗ್ಗೆ ಆರಕ್ಕೊಂದು, ಸಂಜೆ ಆರಕ್ಕೊಂದು ಬಾಟಲಿ ನೀರನ್ನು ತಾನೇ ತುಂಬಿಕೊಳ್ಳುತ್ತಿತ್ತು. ಎರಡು ತಿಂಗಳ ಕಾಯುವಿಕೆಗೆ ಅಷ್ಟು ಸಾಕು ಎಂದುಕೊಂಡಿದ್ದಳು.

ಶನಿವಾರ ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಅವಳು ಕಚೇರಿಯ ಮೆಟ್ಟಿಲು ಹತ್ತುತ್ತಿರುವಾಗ ಗಂಡನ ಫೋನ್ ಬಂತು. ಅವನು ಹಲ್ಲಿನ ಡಾಕ್ಟರು. ಕ್ಲಿನಿಕ್ ಇರುವುದು ದೊಡ್ಡ ಟ್ಯಾಂಕಿನ ಪಕ್ಕದ ಬೀದಿಯಲ್ಲಿ.

"ಬಿಡುವಾಗಿದೀಯಾ? ಒಂದು ವಿಷಯ ಕೇಳ್ಬೇಕಿತ್ತು. ನಿನ್ನ ಬಣ್ಣ ಹೇಗಿರುತ್ತೆ?"

"ಹಸಿರು. ಯಾಕೆ?"

"ಎಂಥಾ ಹಸಿರು?"

"ಗಿಳಿ ಹಸಿರು. ಯಾಕೆ ರೀ?"

"ಏನಿಲ್ಲ," ಎಂದ ಅವನು ದನಿ ತಗ್ಗಿಸಿ. "ಪೇಷಂಟ್ ಈಗಷ್ಟೇ ಬಾಯಿ ಮುಕ್ಕಳಿಸಿದ್ರು. ಬೇಸಿನ್ ಎಲ್ಲಾ ಹಸಿರು. ಅವರು ನನ್ನನ್ನ ನೋಡ್ತಿದಾರೆ, ನಾನು ಅವರನ್ನ ನೋಡ್ತಿದೀನಿ."

ಅವಳ ಬಾಯಿಂದ "ಅಯ್ಯೋ" ಮತ್ತು "ಬಂತು" ಎರಡೂ ಒಟ್ಟಿಗೆ ಹೊರಟು, ಎರಡೂ ಅಲ್ಲದ ಒಂದು ಸದ್ದಾಯಿತು. ಒಂಬತ್ತು ಕಿಲೋಮೀಟರ್! ಐದು ದಿನ ಕೂಡ ತುಂಬಿಲ್ಲ! ಬಿರುಕಲ್ಲ ಅದು. ಗುಡ್ಡದ ಹೊಟ್ಟೆಯೊಳಗೆ ಇನ್ನೊಂದು ಹೊಳೆಯೇ ಇದೆ!

"ರೀ, ಒಂದು ಟ್ಯೂಬಲ್ಲಿ ಹಿಡಿದಿಡಿ! ಮೇಲೆ ಟೈಮ್ ಬರೀರಿ!"

"ಉಗುಳಿದ್ದನ್ನಾ?"

"ನಲ್ಲೀದನ್ನ ರೀ!"

ಓಡುತ್ತಲೇ ಪಂಪ್‌ಹೌಸಿಗೆ ಫೋನ್ ಮಾಡಿ, ಕಾಲು ಗಂಟೆಗೊಂದು ಬಾಟಲಿ ಹಿಡಿಯಲು ಹೇಳಿದಳು. ಹೇಳಿ ಮುಗಿಸುತ್ತಿದ್ದ ಹಾಗೆ ಇನ್ನೊಂದು ಲೆಕ್ಕ ಹೊಳೆಯಿತು. ಪಂಪ್‌ಹೌಸಿನ ನೀರು ಟ್ಯಾಂಕಿಗೆ ಏರಿ, ಮನೆಗಳಿಗೆ ಇಳಿದು ಬರಲು ನಾಲ್ಕು ಗಂಟೆ ಬೇಕು. ಎಂದರೆ ಬಣ್ಣ ಪಂಪ್‌ಹೌಸ್ ಮುಟ್ಟಿದ್ದು ಬೆಳಗಿನ ಜಾವ. ಆಗಿನಿಂದ ಈಗಿನವರೆಗೆ ಅವಳ ಪೆಟ್ಟಿಗೆ ಹಿಡಿದದ್ದು ಆರು ಗಂಟೆಯ ಒಂದೇ ಒಂದು ಬಾಟಲಿ.

ಬಣ್ಣ ಬಂತು ಎಂದರೆ ದಾರಿ ಇದೆ ಎಂದಷ್ಟೇ ಅರ್ಥ. ಎಷ್ಟು ಬಂತು ಎಂದು ಹೇಳಬೇಕಾದರೆ ಅದು ಹೇಗೆ ಏರಿತು, ಎಲ್ಲಿ ತುದಿ ಮುಟ್ಟಿತು, ಹೇಗೆ ಇಳಿಯಿತು ಎಂದು ಗಂಟೆ ಗಂಟೆಯ ಲೆಕ್ಕ ಬೇಕು. ಇಲ್ಲದಿದ್ದರೆ ಚೀಫ್ ಏನನ್ನುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು: "ಹತ್ತು ಲೀಟರ್ ಸೋರಿ ಬರುತ್ತೇನೋ, ಬರಲಿ ಬಿಡಿ." ಏರಿಕೆಯ ಭಾಗವೆಲ್ಲ ಆಗಲೇ ಪೈಪು ದಾಟಿ ಹೋಗಿತ್ತು. ಕೈಗೆ ಬಂದ ತುತ್ತು ಬಾಯಿಗಿಲ್ಲ.

ಫೋನ್ ಮತ್ತೆ ಬಡಿದುಕೊಂಡಿತು. ಚೀಫ್.

"ನಮ್ಮ ಮನೆ ಸ್ನಾನದ ಟಬ್ ಹಸಿರಾಗಿದೆ. ಕಾಣಲ್ಲ ಅಂತ ನೀವು ಬರೆದು ಕೊಟ್ಟಿದ್ರಿ."

"ಹೌದು ಸರ್. ಲೆಕ್ಕ ತಪ್ಪಿದ್ದು ನಾನೇ. ನೀರಿಂದ ಅಪಾಯ ಇಲ್ಲ, ಅದೊಂದು ತಪ್ಪಿಲ್ಲ."

"ಊರಿಡೀ ನನಗೆ ಫೋನ್ ಮಾಡ್ತಿದೆ!"

"ಸರ್… ಟಬ್ ನೀರು ಚೆಲ್ಲಬೇಡಿ."

"ಏನಂದ್ರಿ?"

"ಚೆಲ್ಲಬೇಡಿ ಸರ್, ದಯವಿಟ್ಟು," ಎಂದು ಅವಳು ಫೋನ್ ಇಟ್ಟುಬಿಟ್ಟಳು. ಚೀಫ್ ಫೋನನ್ನು ಮೊದಲು ಇಟ್ಟವರು ಆ ಕಚೇರಿಯಲ್ಲಿ ಅದುವರೆಗೆ ಯಾರೂ ಇರಲಿಲ್ಲ.

*

ಹತ್ತೂವರೆಯ ಹೊತ್ತಿಗೆ ಗೇಟಿನ ಮುಂದೆ ಇನ್ನೂರು ಜನ. ಕೆಲವರ ಕೈಯಲ್ಲಿ ಬಾಟಲಿ, ಕೆಲವರ ಕೈಯಲ್ಲಿ ಜಗ್ಗು, ತಂಬಿಗೆ. ಒಬ್ಬಾಕೆ ಗಾಜಿನ ಮೀನಿನ ತೊಟ್ಟಿಯನ್ನೇ ಎತ್ತಿಕೊಂಡು ಬಂದಿದ್ದಳು. ಹಸಿರು ನೀರಿನಲ್ಲಿ ಎರಡು ಕೆಂಪು ಮೀನು ಏನೂ ಆಗದವರಂತೆ ಓಡಾಡುತ್ತಿದ್ದವು. ಎಲ್ಲರಿಗಿಂತ ಮುಂದೆ ಲಾಂಡ್ರಿ ಯಜಮಾನ. ಹೆಗಲ ಮೇಲೆ ಒದ್ದೆ ಹಾಸುಬಟ್ಟೆಗಳ ರಾಶಿ, ಕೈಯಲ್ಲಿ ತುಂಬಿದ ಬಾಟಲಿ.

"ಬಿಳೀ ಬಟ್ಟೆ! ಹೋಟೆಲಿನವರದು! ಈಗ ನೋಡಿ, ಹುಲ್ಲುಗಾವಲು!"

ಕಾವಲುಗಾರ ಗೇಟಿನ ಅಗಳಿ ಹಿಡಿದು ಬೆವರುತ್ತಿದ್ದ. ಅವಳು ಅವನ ಸ್ಟೂಲನ್ನೇ ಎಳೆದು ಮೇಲೆ ಹತ್ತಿದಳು.

"ಬಣ್ಣ ಹಾಕಿದ್ದು ನಾನು. ಕಣ್ಣಿಗೆ ಕಾಣಲ್ಲ ಅಂತ ಹೇಳಿದ್ದೂ ನಾನು. ಆ ಲೆಕ್ಕ ತಪ್ಪಾಯ್ತು. ನಿಮಗೆ ಗಾಬರಿ ಮಾಡಿದ್ದಕ್ಕೆ ಕ್ಷಮಿಸಿ. ಆದ್ರೆ ಇದು ವಿಷ ಅಲ್ಲ. ಕಣ್ಣಿನ ಡಾಕ್ಟರು ಕಣ್ಣಿಗೇ ಹಾಕ್ತಾರೆ. ಬಟ್ಟೆ ಬಿಸಿಲಿಗೆ ಹಾಕಿ, ಮಧ್ಯಾಹ್ನದೊಳಗೆ ಬಿಳಿಯಾಗದಿದ್ರೆ ನಾನೇ ಬಂದು ಒಗೀತೀನಿ."

"ಕುಡಿದು ತೋರಿಸಿ!" ಯಾರೋ ಕೂಗಿದರು.

ಲಾಂಡ್ರಿ ಯಜಮಾನ ತನ್ನ ಬಾಟಲಿಯನ್ನು ಮುಂದೆ ಚಾಚಿದ. ಅವಳು ತೆಗೆದುಕೊಂಡಳು, ಮುಚ್ಚಳ ತಿರುಗಿಸಿದಳು, ಬಾಯಿಯವರೆಗೂ ಒಯ್ದಳು. ಅಲ್ಲೇ ನಿಂತುಬಿಟ್ಟಳು.

"ಹೆದರಿಕೆ ಆಯ್ತಾ?" ಎಂದ ಯಜಮಾನ.

"ಇದನ್ನ ಎಷ್ಟು ಗಂಟೆಗೆ ಹಿಡಿದ್ರಿ?"

"ಏನು?"

"ನಲ್ಲೀಲಿ ಇದನ್ನ ಎಷ್ಟು ಗಂಟೆಗೆ ಹಿಡಿದ್ರಿ?"

"ಒಂಬತ್ತೂ ಇಪ್ಪತ್ತಕ್ಕೆ! ಗೋಡೆ ಗಡಿಯಾರ ನೋಡೇ ಹಿಡಿದಿದೀನಿ! ಎಲ್ಲಿ ಬೇಕಾದ್ರೂ ಸಾಕ್ಷಿ ಹೇಳ್ತೀನಿ!"

"ಯಾವ ಬೀದಿ?"

"ಟ್ಯಾಂಕಿನ ಹಿಂದಿನದು."

ಅವಳು ಒಂದೇ ಒಂದು ಗುಟುಕು ಕುಡಿದಳು. ಉಳಿದದ್ದಕ್ಕೆ ಮುಚ್ಚಳ ಬಿಗಿದು ಎದೆಗೆ ಅವಚಿಕೊಂಡಳು. ಒಂಬತ್ತೂ ಇಪ್ಪತ್ತರಿಂದ ನಾಲ್ಕು ಗಂಟೆ ಕಳೆದರೆ ಪಂಪ್‌ಹೌಸಿನಲ್ಲಿ ಐದೂ ಇಪ್ಪತ್ತು. ಕಳೆದುಹೋಯಿತು ಎಂದುಕೊಂಡಿದ್ದ ಬೆಳಗಿನ ಜಾವ, ಬಾಟಲಿಯೊಳಗೆ, ಅವಳ ಕೈಯಲ್ಲಿತ್ತು! ತಲೆ ಎತ್ತಿ ನೋಡಿದಳು. ಇನ್ನೂರು ಜನ, ನೂರಾರು ಬಾಟಲಿ. ಊರಿಗೆ ಊರೇ ರಾತ್ರಿಯ ನೀರನ್ನು ಸಿಟ್ಟಿನಿಂದ ತುಂಬಿಸಿ ತಂದುಕೊಟ್ಟಿತ್ತು.

"ಅಮ್ಮಾ, ನಿಮ್ಮ ಮೀನಿನ ತೊಟ್ಟಿಗೆ ನೀರು ಹಾಕಿದ್ದು ಯಾವಾಗ?" ಎಂದು ಅವಳು ಸ್ಟೂಲಿನಿಂದಲೇ ಕೂಗಿದಳು. "ನಿಮ್ಮದು? ನಿಮ್ಮ ಜಗ್ಗು? ಯಾರೂ ಚೆಲ್ಲಬೇಡಿ! ನೆರಳಿಗೆ ಬನ್ನಿ, ಬಿಸಿಲಲ್ಲಿ ಬಣ್ಣ ಹೋಗಿಬಿಡುತ್ತೆ! ಎಲ್ಲರದ್ದೂ ಬೇಕು ನನಗೆ! ಎಲ್ಲರಿಗೂ ಥ್ಯಾಂಕ್ಸ್!"

"ದೂರು ಕೊಡೋಕೆ ಬಂದ್ರೆ ಥ್ಯಾಂಕ್ಸ್ ಹೇಳ್ತಾಳಲ್ಲಪ್ಪಾ," ಎಂದು ಯಾರೋ ಗೊಣಗಿದರು. ಹಿಂದಿನವರು ಮುಂದಕ್ಕೆ ತಳ್ಳಿದರು, ಮುಂದಿನವರು ಹಿಂದಕ್ಕೆ ತಿರುಗಿ ಜಗಳಕ್ಕೆ ನಿಂತರು. ಎರಡು ಬಾಟಲಿ ನೆಲಕ್ಕೆ ಬಿದ್ದು ಒಡೆದವು. ಅವಳಿಗೆ ಕರುಳೇ ಒಡೆದಂತಾಯಿತು.

ಅಷ್ಟರಲ್ಲಿ ಗುಂಪಿನ ನಡುವಿನಿಂದ ಒಂದು ದನಿ ಎದ್ದಿತು. ಮೂವತ್ತೈದು ವರ್ಷ ಮೈಕಿಲ್ಲದೆ ಮೈದಾನ ಆಳಿದ ದನಿ.

"ಸದ್ದು! ಒಂದೇ ಸಾಲು! ಬಾಟಲಿ ಬಲಗೈಯಲ್ಲಿ!"

ಅತ್ತೆ. ಕೈಚೀಲದಲ್ಲಿ ಮೂರು ಔಷಧಿ ಬಾಟಲಿ ಹಸಿರು ನೀರು. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಮುತ್ತಿನಂಥ ಅಕ್ಷರದಲ್ಲಿ ಸಮಯ ಬರೆದಿತ್ತು. ನೆರೆದವರಲ್ಲಿ ಅರ್ಧದಷ್ಟು ಜನ ಅವರ ಕೈಯಲ್ಲಿ ಕಲಿತವರು. ಉಳಿದ ಅರ್ಧ, ಕಲಿತವರು ಸಾಲು ಕಟ್ಟಿದ್ದನ್ನು ನೋಡಿ ತಾವೂ ಕಟ್ಟಿದರು. ಲಾಂಡ್ರಿ ಯಜಮಾನ ಹಾಸುಬಟ್ಟೆಗಳನ್ನು ಕಚೇರಿಯ ಕಾಂಪೌಂಡ್ ಗೋಡೆಯ ಮೇಲೇ ಬಿಸಿಲಿಗೆ ಹರವಿ, ಬಂದು ತನ್ನ ಜಾಗ ಕೇಳಿದ.

"ನೀನು ಕೊಟ್ಟಾಯ್ತಲ್ಲೋ," ಎಂದರು ಅತ್ತೆ.

"ಇನ್ನೊಂದಿದೆ ಟೀಚರ್. ಹತ್ತು ಗಂಟೇದು. ಮೊದಲಿಂದಕ್ಕಿಂತ ಗಟ್ಟಿ ಹಸಿರು."

ಕಾವಲುಗಾರನ ಮೇಜಿನ ಮೇಲೆ ದೂರು ಪುಸ್ತಕ ತೆರೆದು ಅತ್ತೆ ಬರೆಯುತ್ತ ಹೋದರು: ಬೀದಿ, ಮನೆ, ಸಮಯ, ಮನೆಯ ಮೇಲೆ ಸ್ವಂತ ಟ್ಯಾಂಕ್ ಇದೆಯೋ ಇಲ್ಲವೋ. ಅವಳು ಬಾಟಲಿಗಳನ್ನು ಹೊತ್ತು ದಾಖಲೆ ಕೋಣೆಗೆ ಓಡಿದಳು. ಕಪಾಟುಗಳ ಹಳೆಯ ಫೈಲುಗಳನ್ನೆಲ್ಲ ನೆಲಕ್ಕೆ ಸುರಿದು, ಆ ಕತ್ತಲಲ್ಲಿ ಬಾಟಲಿ ಜೋಡಿಸಿದಳು. ಮಧ್ಯಾಹ್ನ ಎರಡರ ಹೊತ್ತಿಗೆ ನೂರ ನಲವತ್ತಾರು. ಅಷ್ಟರಲ್ಲಿ ಹಾಸುಬಟ್ಟೆಗಳು ಬಿಳಿಯಾಗಿದ್ದವು. ಜನ ಮಾತ್ರ ಹೋಗಲೊಲ್ಲರು. ಯಾರದು ಹೆಚ್ಚು ಹಸಿರು ಎಂದು ಪೈಪೋಟಿ ಹತ್ತಿತ್ತು.

*

ಲ್ಯಾಬಿನ ಕೆಮಿಸ್ಟ್ ಮಾತು ಕಡಿಮೆಯ ಹೆಂಗಸು. ಕಪಾಟು ತೆರೆದು ನೋಡಿ, "ಇಷ್ಟೂನಾ?" ಎಂದಳು. ಆಮೇಲೆ ತೋಳೇರಿಸಿ ಕೆಲಸಕ್ಕಿಳಿದಳು. ಬಾಟಲಿಯ ನೀರನ್ನು ಒಂದು ಗಾಜಿನ ಕೊಳವೆಗೆ ಹಾಕಿ ಯಂತ್ರದೊಳಗಿಟ್ಟರೆ, ಅದು ನೀಲಿ ಬೆಳಕು ಬಿಟ್ಟು ಬಣ್ಣ ಎಷ್ಟಿದೆ ಎಂದು ಅಂಕಿ ತೋರಿಸುತ್ತಿತ್ತು. ಅವಳು ಅಂಕಿ ಹೇಳುವುದು, ಇವಳು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುವುದು.

"ನಲವತ್ತೆರಡು."

ಚುಕ್ಕೆ.

"ತೊಂಬತ್ತು."

ಚುಕ್ಕೆ.

"ಸೊನ್ನೆ. ಇದು ನೀರಲ್ಲ." ಕೆಮಿಸ್ಟ್ ಬಾಟಲಿಯನ್ನು ಮೂಸಿದಳು. "ಹಸಿರು ಸೋಡಾ."

ಯಾರೋ ಕುಚೋದ್ಯ ಮಾಡಿದ್ದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಸ್ವಂತ ಟ್ಯಾಂಕ್ ಇದ್ದ ಮನೆಗಳ ಬಾಟಲಿಗಳನ್ನು ಪಕ್ಕಕ್ಕಿಟ್ಟರು. ಅಲ್ಲಿ ಹಳೆಯ ನೀರು ಬೆರೆತಿರುತ್ತದೆ. ಸಮಯ ನೆನಪಿಲ್ಲದೆ ಅಂದಾಜು ಹೇಳಿದವರದನ್ನೂ ಬಿಟ್ಟರು. ಎಲ್ಲ ಕಳೆದು ಎಂಬತ್ತೊಂಬತ್ತು ಉಳಿದವು. ಸಂಜೆ ಐದೂವರೆಗೆ ಅಡಿಕೋಲು ತನ್ನ ಪುಸ್ತಕ ಹಿಡಿದು ಬಂದ. "ಐದು ದಿನದಿಂದ ಮೂವತ್ತೊಂದು ಸೆಂಟಿಮೀಟರ್ ಮೇಡಂ. ಒಂದು ಕೂದಲಷ್ಟೂ ಏರಿಲ್ಲ, ಇಳಿದಿಲ್ಲ." ಎಂದರೆ ಹೊಳೆಯ ಹರಿವು ಬದಲಾಗಿಲ್ಲ, ಲೆಕ್ಕಕ್ಕೆ ತೊಡಕಿಲ್ಲ. ಬಂದವನು ಕೂಡಲೇ ಹೋಗಲಿಲ್ಲ, ಮೇಜಿನ ತುದಿಯಲ್ಲಿ ನಿಂತು ಚುಕ್ಕೆಗಳನ್ನು ನೋಡಿದ. ಅವು ಒಂದರ ಪಕ್ಕ ಒಂದು ಏರುತ್ತ, ಗುಡ್ಡದಂತೆ ತುದಿ ಮುಟ್ಟಿ, ಆಚೆ ಇಳಿಯತೊಡಗಿದ್ದವು. ಬೇರೆ ಬೇರೆ ಬೀದಿಯ, ಒಬ್ಬರ ಮುಖ ಒಬ್ಬರು ನೋಡದ ಜನರ ಬಾಟಲಿಗಳು, ಮಾತಾಡಿಕೊಂಡವರಂತೆ ಒಂದೇ ಗೆರೆಯ ಮೇಲೆ ಕೂತಿದ್ದವು.

"ಎಲ್ಲರೂ ನಿಜಾನೇ ಹೇಳಿದಾರೆ," ಎಂದ ಅಡಿಕೋಲು. ಅವನಿಗೆ ಅದೇ ದೊಡ್ಡ ಆಶ್ಚರ್ಯ.

ಭಾನುವಾರ ಮಧ್ಯಾಹ್ನಕ್ಕೆ ಬಣ್ಣ ಪೂರ್ತಿ ಇಳಿಯಿತು. ಪಂಪ್‌ಹೌಸಿನ ಕಾಲು ಗಂಟೆಯ ಬಾಟಲಿಗಳು ಇಳಿಜಾರನ್ನು ತುಂಬಿಸಿದವು. ಗೆರೆಯ ಕೆಳಗಿನ ವಿಸ್ತೀರ್ಣವನ್ನು ಅವಳು ಮೂರು ಸಲ ಲೆಕ್ಕ ಹಾಕಿದಳು, ಕೆಮಿಸ್ಟ್ ಎರಡು ಸಲ. ಐದು ಸಲವೂ ಒಂದೇ ಉತ್ತರ. ಸುರಿದ ಐದು ಕಿಲೋದಲ್ಲಿ ನಾಲ್ಕು ಕಿಲೋ ನೂರು ಗ್ರಾಂ ಊರಿನ ಬೋರ್‌ವೆಲ್ಲುಗಳಿಂದಲೇ ಎದ್ದಿತ್ತು. ಎಂದರೆ ಮಾಯವಾಗುವ ಇನ್ನೂರ ಎಂಬತ್ತು ಲೀಟರಿನಲ್ಲಿ ಇನ್ನೂರ ಮೂವತ್ತು ಅಲ್ಲಿಗೇ ಬರುತ್ತಿತ್ತು, ಎಂಟೂ ಬೋರ್‌ವೆಲ್ ಸೇರಿ ಸೆಕೆಂಡಿಗೆ ಎತ್ತುವುದೇ ಮುನ್ನೂರ ಹತ್ತು.

ಕೆಮಿಸ್ಟ್ ಪೆನ್ನು ಕೆಳಗಿಟ್ಟಳು. ಆ ದಿನ ಅವಳು ಆಡಿದ ಅತಿ ಉದ್ದದ ಮಾತು: "ನಾಲ್ಕು ಲೋಟ ಕುಡಿದ್ರೆ ಮೂರು ಲೋಟ ಆ ಮಡುವಿಂದು ಕಣ್ರೀ."

*

ಸೋಮವಾರ ಬೆಳಿಗ್ಗೆ ಚೀಫ್ ಕೋಣೆಗೆ ಕರೆಸಿದರು. ಮುಖ ಬಿಗಿದಿತ್ತು. ಮೇಜಿನ ಮೇಲೆ ಅವಳು ಬರೆದುಕೊಟ್ಟಿದ್ದ ಕಾಗದ. ಅದರ ಪಕ್ಕದಲ್ಲೇ ಒಂದು ಹಸಿರು ಬಾಟಲಿ.

"ಟಬ್ಬಿಂದು," ಎಂದರು. "ಶನಿವಾರ ಎಂಟೂ ಐವತ್ತು. ಚೆಲ್ಲಬೇಡಿ ಅಂದ್ರಲ್ಲ. ಯಾಕೆ ಅಂತ ತಿಳೀಲಿಲ್ಲ, ಆದ್ರೆ ಚೆಲ್ಲಲಿಲ್ಲ."

ಅವಳು ಅದನ್ನು ತೆಗೆದುಕೊಂಡು ಲ್ಯಾಬಿಗೆ ಓಡಿದಳು. ಚೀಫ್ ಕೂಡ ಹಿಂದೆಯೇ ಬಂದರು. ಕೆಮಿಸ್ಟ್ ಅಂಕಿ ಓದಿದಳು: "ಇಪ್ಪತ್ತಮೂರು." ಸೋರಿಕೆ ಮೇಡಂ ಪೆನ್ಸಿಲನ್ನು ಚೀಫ್ ಕೈಗೇ ಕೊಟ್ಟಳು. ಅವರು ಬಗ್ಗಿ ಸಮಯ ಹುಡುಕಿ, ಅಂಕಿ ಹುಡುಕಿ, ಎರಡೂ ಕೂಡುವಲ್ಲಿ ಚುಕ್ಕೆ ಇಟ್ಟರು. ಚುಕ್ಕೆ ಗೆರೆಯ ಮೇಲೇ ಕೂತಿತು.

ಅವರು ಗೆರೆಯನ್ನು ತುದಿಯವರೆಗೂ ಬೆರಳಿನಿಂದ ಸವರಿದರು.

"ಹಾಗಾದ್ರೆ ನಾನು ಕಾಂಕ್ರೀಟ್ ಹಾಸೋಕೆ ಹೊರಟಿದ್ದು…"

"ನಮ್ಮ ಲೋಟದ ಮೇಲೆ ಸರ್."

ಚೀಫ್ ಅಲ್ಲೇ ನಿಂತು ಗುತ್ತಿಗೆದಾರನಿಗೆ ಫೋನ್ ಮಾಡಿದರು. ಯಂತ್ರಗಳು ಆಗಲೇ ದಂಡೆಗೆ ಬಂದಿದ್ದವಂತೆ. "ವಾಪಸ್ ತಗೊಂಡು ಹೋಗಿ. ಇಲ್ಲ, ಮುಂದಕ್ಕೆ ಹಾಕೋದಲ್ಲ. ಇಲ್ಲವೇ ಇಲ್ಲ." ಫೋನ್ ಇಟ್ಟು ಮತ್ತೆ ಗ್ರಾಫಿನತ್ತ ತಿರುಗಿದರು. ಎಂಜಿನಿಯರನ ಕಣ್ಣು ಈಗ ಬೇರೇನನ್ನೋ ನೋಡುತ್ತಿತ್ತು. "ಐದು ದಿನ ಅಂದ್ರಲ್ಲ. ಮಡುವಿನ ಪಕ್ಕದಲ್ಲೇ ಹೆದ್ದಾರಿ ಇದೆ. ಅಲ್ಲೊಂದು ಡೀಸೆಲ್ ಟ್ಯಾಂಕರ್ ಉರುಳಿದ್ರೆ?"

"ಐದನೇ ದಿನ ನಮ್ಮ ನಲ್ಲೀಲಿ ಇರುತ್ತೆ ಸರ್. ಅದು ಹಸಿರಾಗಿರಲ್ಲ."

"ರಸ್ತೆ ಚರಂಡಿ ಮಡುವಿನಿಂದ ಆಚೆಗೆ ತಿರುಗಿಸ್ಬೇಕು. ತಡೆಗೋಡೆ ಬೇಕು. ಈ ವಾರವೇ," ಎಂದರು ಅವರು. ದನಿಯಲ್ಲಿ ಹಳೆಯ ಹುರುಪು. ಕಾಂಕ್ರೀಟ್ ಸುರಿಯಲು ಅವರಿಗೆ ಸರಿಯಾದ ಜಾಗವೊಂದು ಸಿಕ್ಕಿಬಿಟ್ಟಿತ್ತು.

ಸಂಜೆ ಅವಳ ಮೇಜಿಗೆ ಎರಡು ಕಾಗದ ಬಂದವು. ಒಂದು, ಹೊಳೆತಳದ ಕಾಮಗಾರಿ ರದ್ದು. ಇನ್ನೊಂದು, ತಪ್ಪು ಅಂದಾಜು ಕೊಟ್ಟು ಸಾರ್ವಜನಿಕರಿಗೆ ಗಾಬರಿ ಉಂಟುಮಾಡಿದ್ದಕ್ಕೆ ಅವಳಿಗೆ ಎಚ್ಚರಿಕೆ. ಎರಡಕ್ಕೂ ಒಂದೇ ಸಹಿ.

"ಎರಡೂ ಸರಿ ತಾನೇ?" ಎಂದು ಚೀಫ್ ಬಾಗಿಲಲ್ಲಿ ನಿಂತು ಕೇಳಿದರು.

"ಎರಡೂ ಸರಿ ಸರ್," ಎಂದಳು. ಅವಳಿಗೆ ಹಾಗೇ ಅನ್ನಿಸಿತ್ತು ಕೂಡ.

ಮನೆಯಲ್ಲಿ ಊಟಕ್ಕೆ ಕೂತಾಗ ಗಂಡ ಎಚ್ಚರಿಕೆಯ ಕಾಗದವನ್ನು ಗಟ್ಟಿಯಾಗಿ ಓದಿದ. ಅವನ ಆ ಪೇಷಂಟ್ ಉಳಿದ ಹಲ್ಲನ್ನೂ ತೋರಿಸಲು ಮತ್ತೆ ಬಂದಿದ್ದರಂತೆ, ಬರುವಾಗ ಕುಡಿಯುವ ನೀರು ಮನೆಯಿಂದಲೇ ತಂದಿದ್ದರಂತೆ. "ಆ ನೀರೂ ಅದೇ ಮಡುವಿಂದು ಅಂತ ನಾನು ಹೇಳ್ಲಿಲ್ಲ," ಎಂದ ಅವನು. ಅತ್ತೆ ನಗಲಿಲ್ಲ. ಅವರ ತಲೆ ಬೇರೆಲ್ಲೋ ಇತ್ತು.

"ಐದು ಕಿಲೋ ಹಾಕಿದ್ದು ಅಂದೆ. ಬಂದಿದ್ದು ನಾಲ್ಕು ಕಿಲೋ ನೂರು. ಉಳಿದ ಒಂಬೈನೂರು ಗ್ರಾಂ ಎಲ್ಲೇ?"

ಹಿಂದಿನ ದಿನದಿಂದ ಅವಳನ್ನೂ ಅದೇ ಕೊರೆಯುತ್ತಿತ್ತು. ಕಲ್ಲಿಗೆ ಅಂಟಿರಬಹುದು. ಇಲ್ಲವಾದರೆ ಗುಡ್ಡದೊಳಗೆ ಆ ಹೊಳೆ ಎಲ್ಲೋ ಕವಲೊಡೆದು, ಇನ್ನೊಂದು ಮಗ್ಗುಲಿಗೆ ಹೊರಟಿರಬೇಕು. ಆ ಕಡೆ ಎಷ್ಟು ಬಾವಿ, ಎಷ್ಟು ಒರತೆ ಇವೆ ಎಂದು ಯಾವ ನಕ್ಷೆಯಲ್ಲೂ ಬರೆದಿರಲಿಲ್ಲ. ಅವಳು ಎದ್ದು ಫೋನ್ ಎತ್ತಿಕೊಂಡಳು. ಆಚೆಯಿಂದ "ಅಡಿಕೋಲು ಮಾತಾಡ್ತಿರೋದು" ಎಂಬ ದನಿ ಬಂತು.

"ಅಣ್ಣ, ಗುಡ್ಡದ ಉತ್ತರಕ್ಕೆ ಎಷ್ಟು ಒರತೆ ಇರಬಹುದು?"

"ನಂಗೆ ಗೊತ್ತಿರೋದು ಹನ್ನೊಂದು ಮೇಡಂ."

"ನಾಳೆ ಬೆಳಿಗ್ಗೆ ಏಳಕ್ಕೆ ಜೀಪು ತರ್ತೀನಿ."

"ಏಳಕ್ಕೆ ಆಗಲ್ಲ, ಸೇತುವೆ ಹತ್ರ ಪಟ್ಟಿ ಓದ್ಬೇಕು. ಏಳೂ ಕಾಲಿಗೆ ಬನ್ನಿ."

ಮರುದಿನ ಏಳೂ ಕಾಲಿಗೆ ಇಬ್ಬರೂ ಹೊರಟರು.